ರೋಬಸ್ಟಾ ಕಾಫಿಯ ಮೊಗ್ಗು ಉಬ್ಬಿ ಅರಳದೆ ನಿಂತಿದ್ದರೆ
ಮೊಗ್ಗು ಅರಳುತ್ತಿಲ್ಲ, ರೋಗವೇ ಅಂತ ಕೇಳಿದಿರಿ. ಇದು ರೋಗ ಅಲ್ಲ, ಮಳೆ ಸಾಲದೆ ಹೀಗಾಗಿದೆ. ಮೂಡಿಗೆರೆಯ ನಿಮ್ಮ ತೋಟಕ್ಕೆ ಬಿದ್ದದ್ದು 20 ಸೆಂಟ್ ಮಳೆ ಅಂದಿರಿ. ರೋಬಸ್ಟಾ ಹೂವಿಗೆ ಒಂದು ಇಂಚಾದರೂ, ಅಂದರೆ 100 ಸೆಂಟ್ ಬೇಕು. ಹವಾಮಾನ ಕೆಟ್ಟು ಹೂಮಳೆಯ (ಹೂ ಅರಳಿಸುವ ಮಳೆಯ) ಲೆಕ್ಕವೇ ತಪ್ಪಿದೆ, ಅಲ್ವಾ?

ಮೊದಲು ಮೊಗ್ಗು ನೋಡಿ. ಉಬ್ಬಿ ಬೆಳ್ಳಗಾಗಿದ್ದರೆ ಇವತ್ತೇ ಸ್ಪ್ರಿಂಕ್ಲರ್ ಹಾಕಿ, ಕಾದರೆ ಒಣಗುತ್ತವೆ. ಸ್ಪ್ರಿಂಕ್ಲರ್ ಎಷ್ಟು ಗಂಟೆ ಓಡಿತು ಅನ್ನೋ ಲೆಕ್ಕ ನಂಬಬೇಡಿ. ಗಿಡಗಳ ನಡುವೆ ಡಬ್ಬಿ ಇಟ್ಟು ನೀರು ಅಳೆಯಿರಿ. ಈಗಾಗಲೇ ಕಂದಿದ ಮೊಗ್ಗು ಉಳಿಯುತ್ತೋ ಇಲ್ಲವೋ, ತೋಟ ನೋಡದೆ ಹೇಳೋದು ಕಷ್ಟ.

ಹೂ ಬಿರಿದ ದಿನ ಮಾತ್ರ ಸ್ಪ್ರಿಂಕ್ಲರ್ ಜೆಟ್ ಬಂದ್. ಔಷಧಿಯನ್ನೂ ಹೊಡೆಯಬೇಡಿ. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು, ಜೇನು ಓಡಾಡಲಿ. ಆಮೇಲೆ 15–20 ದಿನದಲ್ಲಿ ಮಳೆ ಬರದಿದ್ದರೆ ಇನ್ನೊಂದು ಮುಕ್ಕಾಲು ಇಂಚು ಕೊಡಿ.