ಪಕ್ಕದ ಮನೆಯ ಬಾವುಟ

ನೀವು ಅಮೆರಿಕದ ಸೌತ್ ಕ್ಯಾರೊಲಿನಾದ ಗ್ರೀನ್‌ವಿಲ್‌ಗೆ ಬಂದು ಇನ್ನೂ ತಿಂಗಳು ತುಂಬಿಲ್ಲ. ಬೇಲಿಯಾಚೆಯ ಮನೆಯ ಅಂಗಳದಲ್ಲಿ ಕೆಂಪು ಬಟ್ಟೆಯ ಮೇಲೆ ನೀಲಿ ಓರೆಪಟ್ಟಿಗಳು, ಪಟ್ಟಿಗಳೊಳಗೆ ಬಿಳಿ ನಕ್ಷತ್ರಗಳಿರುವ ಬಾವುಟ ಹಾರುತ್ತಿದೆ. ಆ ಮನೆಯ ಯಜಮಾನರೇ ಭಾನುವಾರ ಊಟಕ್ಕೆ ಕರೆದಿದ್ದಾರೆ. ಹೋಗಬಹುದೇ, ಪೊಲೀಸರಿಗೆ ತಿಳಿಸಬೇಕೇ, ಮನೆ ಬದಲಾಯಿಸಬೇಕೇ ಎಂದು ಕೇಳಿದ್ದೀರಿ.

ಪೊಲೀಸರ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ಅವರು ಮಾಡುವಂಥದ್ದೇನೂ ಇಲ್ಲ. ಸ್ವಂತ ಅಂಗಳದಲ್ಲಿ ಬಾವುಟ ಹಾರಿಸುವುದಕ್ಕೆ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಕಾಯುವ, ಇಲ್ಲಿನ ಸಂವಿಧಾನದ ಮೊದಲ ತಿದ್ದುಪಡಿಯ ರಕ್ಷಣೆಯಿದೆ. ಅದು ನಿಮ್ಮ ಬಡಾವಣೆಗೆ ಸೇರದ ಹಳೆಯ ಮನೆ ಎಂದು ಬರೆದಿರುವುದರಿಂದ ನಿವಾಸಿಗಳ ಸಂಘದ ನಿಯಮವೂ ಅವರಿಗೆ ತಟ್ಟುವುದಿಲ್ಲ.

ಅದು ಅಮೆರಿಕದ ಅಂತರ್ಯುದ್ಧದಲ್ಲಿ, ದೇಶದ ಒಕ್ಕೂಟದಿಂದ ಬೇರೆಯಾದ ದಕ್ಷಿಣದ ರಾಜ್ಯಗಳ ಸೈನ್ಯ ಹಿಡಿದ ರಣಬಾವುಟ. ಒಕ್ಕೂಟವನ್ನು ಮೊದಲು ತೊರೆದದ್ದು, 1860ರ ಡಿಸೆಂಬರ್‌ನಲ್ಲಿ, ನೀವೀಗ ಇರುವ ಸೌತ್ ಕ್ಯಾರೊಲಿನಾ. ಏಕೆ ತೊರೆದೆವು ಎಂದು ಆಗ ಹೊರಡಿಸಿದ ಘೋಷಣೆಯಲ್ಲಿ ಗುಲಾಮಗಿರಿಯ ಮಾತು ಮುಚ್ಚುಮರೆಯಿಲ್ಲದೆ ಇದೆ. ನಿಮ್ಮ ನೆರೆಯವರು ‘ಇದು ಪರಂಪರೆ, ದ್ವೇಷವಲ್ಲ’ ಎನ್ನಬಹುದು. ಈ ಕಡೆ ಅದು ಎಷ್ಟೋ ಜನರಿಗೆ ಬಾಯಿಪಾಠ. ಅವರ ಹಿರೀಕನೊಬ್ಬ ಆ ಯುದ್ಧದಲ್ಲಿ ಸತ್ತಿರಲೂಬಹುದು. ಆ ನೋವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಾವುಟ ಯಾವಾಗ ಮೇಲೇರಿತು ಎಂಬುದನ್ನೂ ನೋಡಬೇಕಲ್ಲ. ಯುದ್ಧ ಮುಗಿದದ್ದು 1865ರಲ್ಲಿ. ರಾಜ್ಯದ ರಾಜಧಾನಿ ಕೊಲಂಬಿಯಾದ ಶಾಸನಸಭಾ ಭವನದ ಗುಮ್ಮಟದ ಮೇಲೆ ಅದು ಹಾರತೊಡಗಿದ್ದು 1961ರಲ್ಲಿ, ಯುದ್ಧದ ಶತಮಾನದ ನೆನಪು ಎಂಬ ಹೆಸರಿನಲ್ಲಿ. ಅದೇ ವರ್ಷದ ಆರಂಭದಲ್ಲಿ ಇದೇ ರಾಜ್ಯದ ರಾಕ್ ಹಿಲ್‌ನಲ್ಲಿ, ಬಿಳಿಯರಿಗೆ ಮೀಸಲಾದ ಊಟದ ಕಟ್ಟೆಯಲ್ಲಿ ಕುಳಿತದ್ದಕ್ಕಾಗಿ ಕಪ್ಪು ಯುವಕರು ಜೈಲು ಸೇರಿದ್ದರು. ನೆರೆಯ ಜಾರ್ಜಿಯಾ ಈ ಗುರುತನ್ನು ತನ್ನ ರಾಜ್ಯದ ಬಾವುಟಕ್ಕೆ ಸೇರಿಸಿಕೊಂಡದ್ದು 1956ರಲ್ಲಿ, ಶಾಲೆಗಳಲ್ಲಿ ವರ್ಣಭೇದ ಸಲ್ಲದು ಎಂದು ಸುಪ್ರೀಂ ಕೋರ್ಟ್ ಹೇಳಿದ ಎರಡು ವರ್ಷಕ್ಕೆ. ಶತಮಾನೋತ್ಸವದ ಕಥೆಯನ್ನು ಇದಾದ ಮೇಲೂ ನಂಬಬೇಕೇ?

2000ದಲ್ಲಿ ದೊಡ್ಡ ಮೆರವಣಿಗೆ, ಬಹಿಷ್ಕಾರ ಎಲ್ಲ ನಡೆದು ಒಂದು ರಾಜಿಯಾಯಿತು. ಬಾವುಟ ಗುಮ್ಮಟದಿಂದ ಇಳಿಯಿತು. ಇಳಿದು ಭವನದ ಎದುರಿನ ಸೈನಿಕ ಸ್ಮಾರಕದ ಬಳಿಗೆ ಬಂದಿತು. ಅಂದರೆ ಎಲ್ಲರಿಗೂ ಇನ್ನಷ್ಟು ಹತ್ತಿರವಾಯಿತು, ಸುತ್ತ ಒಂದು ಕಬ್ಬಿಣದ ಬೇಲಿ ಬೇರೆ. 2015ರ ಜೂನ್ 17ರಂದು ಚಾರ್ಲ್‌ಸ್ಟನ್‌ನ ಇಮ್ಯಾನ್ಯುಯೆಲ್ ಚರ್ಚಿನಲ್ಲಿ ಬೈಬಲ್ ಓದಲು ಕುಳಿತಿದ್ದ ಒಂಬತ್ತು ಕಪ್ಪು ಜನರನ್ನು ಬಿಳಿಯ ಯುವಕನೊಬ್ಬ ಗುಂಡಿಟ್ಟು ಕೊಂದ. ಅವನು ಇದೇ ಬಾವುಟ ಹಿಡಿದು ತೆಗೆಸಿಕೊಂಡಿದ್ದ ಫೋಟೋಗಳು ಆಮೇಲೆ ಸಿಕ್ಕವು. ಸತ್ತವರಲ್ಲಿ ಕ್ಲೆಮೆಂಟಾ ಪಿಂಕ್ನಿ ಅವರೂ ಇದ್ದರು. ಆ ಚರ್ಚಿನ ಪಾದ್ರಿ, ರಾಜ್ಯದ ಸೆನೆಟರ್. ಗುಮ್ಮಟದ ಮೇಲಿನ ರಾಷ್ಟ್ರಧ್ವಜವೂ ರಾಜ್ಯದ ಬಾವುಟವೂ ಅರ್ಧಕ್ಕೆ ಇಳಿದವು. ಕೆಳಗಿನ ಇದೊಂದು ಮಾತ್ರ ಪೂರ್ತಿ ಎತ್ತರದಲ್ಲೇ ಹಾರುತ್ತಿತ್ತು, ಏಕೆಂದರೆ ಅದನ್ನು ಮುಟ್ಟಲು ಶಾಸನಸಭೆಯ ಒಪ್ಪಿಗೆ ಬೇಕಿತ್ತು. ಬ್ರೀ ನ್ಯೂಸಮ್ ಎಂಬ ಯುವತಿ ಕಂಬ ಹತ್ತಿ ಅದನ್ನು ಬಿಚ್ಚಿ ತಂದಳು. ಕೆಳಗಿಳಿದೊಡನೆ ಆಕೆಯ ಬಂಧನವಾಯಿತು, ಸ್ವಲ್ಪ ಹೊತ್ತಿಗೆಲ್ಲ ಬಾವುಟ ಮತ್ತೆ ಮೇಲಿತ್ತು.

ಕಡೆಗೆ ಶಾಸನಸಭೆಯ ಕೆಳಮನೆಯಲ್ಲಿ ನಡುರಾತ್ರಿ ದಾಟುವವರೆಗೂ ಚರ್ಚೆ ನಡೆದು 94–20 ಮತಗಳಿಂದ ತೀರ್ಮಾನವಾಯಿತು. ಜುಲೈ 10ರ ಶುಕ್ರವಾರ ಬೆಳಿಗ್ಗೆ ಅದು ಇಳಿಯಿತು. ಕಚೇರಿಗೆ ತಡವಾಗಿ ಬರುತ್ತೇನೆಂದು ಹೇಳಿ ನಾನೂ ಜನರ ನಡುವೆ ನಿಂತಿದ್ದೆ. ಅಷ್ಟು ವರ್ಷಗಳ ಜಗಳ, ಇಳಿಸಿ ಸುರುಳಿ ಸುತ್ತುವುದು ಕೆಲವೇ ನಿಮಿಷದ ಕೆಲಸ.

ಅಂದಿನ ಗವರ್ನರ್ ನಿಕ್ಕಿ ಹೇಲಿ. ಪಂಜಾಬಿನಿಂದ ಬಂದ ದಂಪತಿಯ ಮಗಳೆಂದು ನಮ್ಮವರು ಈಗಲೂ ಎದೆಯುಬ್ಬಿಸುತ್ತಾರೆ. ಇಳಿಸಬೇಕೆಂದು ಮುಂದೆ ನಿಂತು ಹೇಳಿದ್ದು ಅವರೇ, ನಿಜ. ಹಿಂದಿನ ವರ್ಷದ ಚುನಾವಣೆಯಲ್ಲಿ, ಯಾವ ಕಂಪನಿಯ ಮುಖ್ಯಸ್ಥರೂ ಈ ಬಾವುಟದ ಬಗ್ಗೆ ತಮ್ಮ ಬಳಿ ದೂರಿಲ್ಲ ಎಂದಿದ್ದವರೂ ಅವರೇ. ಕಂಪನಿಗಳು ದೂರದಿದ್ದರೆ ಏನಂತೆ, ಬೀದಿಯಲ್ಲಿ ಜನ ದೂರುತ್ತಲೇ ಇದ್ದರಲ್ಲ!

‘ಅದು ಕಪ್ಪು-ಬಿಳಿಯರ ಜಗಳ, ನಮಗೇಕೆ’ ಎಂದು ನಿಮ್ಮ ಮನೆಯವರು ಹೇಳುತ್ತಿರುವುದಾಗಿ ಬರೆದಿದ್ದೀರಿ. ಇಲ್ಲಿನ ನಮ್ಮ ಯುಗಾದಿ ಕೂಟಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. 1946ರ ಕಾನೂನಿನ ಪ್ರಕಾರ ಭಾರತೀಯರು ಇಲ್ಲಿಗೆ ವಲಸೆ ಬರಲು ವರ್ಷಕ್ಕೆ 100 ಜನರ ಮಿತಿಯಿತ್ತು. ಅದನ್ನು ಕಿತ್ತುಹಾಕಿದ್ದು 1965ರ ವಲಸೆ ಕಾನೂನು. ಕಪ್ಪು ಜನರ ಮತದಾನದ ಹಕ್ಕನ್ನು ಕಾಯುವ ಕಾನೂನು ಬಂದದ್ದೂ ಅದೇ ವರ್ಷ. ಬೀದಿಯಲ್ಲಿ ಪೆಟ್ಟು ತಿಂದವರು ಅವರು, ತೆರೆದ ಬಾಗಿಲಿನಿಂದ ಒಳಗೆ ಬಂದವರು ನಾವು. ಇದನ್ನು ನಿಮ್ಮ ಮನೆಯವರಿಗೆ ನನ್ನ ಹೆಸರಿನಲ್ಲೇ ಹೇಳಿ.

ಇನ್ನು ಭಾನುವಾರದ ಊಟ. ಹೋಗಿ ಬನ್ನಿ. ಮಾಂಸ ತಿನ್ನುವುದಿಲ್ಲವೆಂದು ಮೊದಲೇ ತಿಳಿಸಿ, ಇಲ್ಲದಿದ್ದರೆ ಇಲ್ಲಿ ಹುರುಳಿಕಾಯಿ ಪಲ್ಯದಲ್ಲೂ ಹಂದಿಮಾಂಸದ ಚೂರು ಇರುತ್ತದೆ. ಬಾವುಟದ ಮಾತನ್ನು ನೀವಾಗಿ ತೆಗೆಯಬೇಡಿ. ಅವರೇ ತೆಗೆದರೆ, ನಮ್ಮ ಕಚೇರಿಯಲ್ಲಿ ಇದನ್ನು ನೋಡಿ ನೊಂದುಕೊಳ್ಳುವವರಿದ್ದಾರೆ ಎಂದು ನೇರವಾಗಿ ಹೇಳಿ. ಕೇಳಿಸಿಕೊಳ್ಳುತ್ತಾರೋ ಸಿಡುಕುತ್ತಾರೋ ನೋಡಿ, ಸ್ನೇಹ ಎಷ್ಟು ದೂರ ಎಂದು ಆಗ ನಿರ್ಧರಿಸಿ. ನಿಮ್ಮ ಮಗಳನ್ನು ಆ ಕಂಬದ ಕೆಳಗೆ ನಿಲ್ಲಿಸಿ ಫೋಟೋ ತೆಗೆಯುತ್ತೇವೆಂದರೆ ಮಾತ್ರ ಬೇಡವೆನ್ನಿ. ಮನೆ ಬದಲಾಯಿಸುವುದು ಬೇಡ.

ರಜೆಯಲ್ಲಿ ಕೊಲಂಬಿಯಾಕ್ಕೆ ಬನ್ನಿ. ಭವನದ ಗೋಡೆಯಲ್ಲಿ 1865ರ ಫಿರಂಗಿ ಗುಂಡು ತಗಲಿದ ಜಾಗಗಳಿಗೆ ಕಂಚಿನ ನಕ್ಷತ್ರ ಕೂರಿಸಿದ್ದಾರೆ. ಅದೇ ಆವರಣದ ಆಫ್ರಿಕನ್ ಅಮೆರಿಕನ್ನರ ಸ್ಮಾರಕದಲ್ಲಿ ಸೆನೆಗಲ್, ಘಾನಾ, ಸಿಯೆರಾ ಲಿಯೋನ್, ಕಾಂಗೋಗಳಿಂದ ತಂದ ಕಲ್ಲುಗಳಿವೆ, ಮುಟ್ಟಿ ನೋಡಬಹುದು. ಮಗಳಿಗೆ ಎರಡನ್ನೂ ತೋರಿಸೋಣ.

ನವೆಂಬರ್ 1ಕ್ಕೆ ಬಾಗಿಲ ಮುಂದೆ ಹಳದಿ-ಕೆಂಪು ಬಾವುಟ ಕಟ್ಟಬಹುದೇ ಎಂದೂ ಕೇಳಿದ್ದೀರಿ. ಸರ್ಕಾರದ ಅಡ್ಡಿಯಿಲ್ಲ. ಆದರೆ ನಿಮ್ಮ ಬಡಾವಣೆಯ ಸಂಘ ಖಾಸಗಿ. 2006ರಲ್ಲಿ ಜಾರಿಗೆ ಬಂದ ಕೇಂದ್ರ ಕಾನೂನು ಅಂಥ ಸಂಘಗಳಿಂದ ಕಾಪಾಡುವುದು ಅಮೆರಿಕದ ರಾಷ್ಟ್ರಧ್ವಜವನ್ನು ಮಾತ್ರ. ಸಂಘದ ನಿಯಮಪುಸ್ತಕದಲ್ಲಿ ಬಾವುಟದ ಪುಟ ಹುಡುಕಿ ಓದಿ, ಸಂಶಯವಿದ್ದರೆ ಅಕ್ಟೋಬರ್‌ನಲ್ಲೇ ಬರೆದು ಕೇಳಿ.