ಪ್ರಕ್ಷೇಪವನ್ನು ಬಿಡಿಸಿ ಬರೆಯಬಾರದೇಕೆ?

ಪ್ರಶ್ನೆ: ಸೀಸದ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಅಯೋಡೈಡ್ ದ್ರಾವಣಗಳ ಕ್ರಿಯೆಗೆ ಅಯಾನಿಕ ಸಮೀಕರಣ ಬರೆಯುವಾಗ ನಾಲ್ಕೂ ಸಂಯುಕ್ತಗಳನ್ನು ಅಯಾನುಗಳಾಗಿ (ವಿದ್ಯುದಂಶವುಳ್ಳ ಕಣಗಳಾಗಿ) ಬಿಡಿಸಿದೆ. ಎರಡೂ ಬದಿಯ ಸಮಾನ ಅಯಾನುಗಳನ್ನು ಹೊಡೆದುಹಾಕಿದ ಮೇಲೆ ಏನೂ ಉಳಿಯಲಿಲ್ಲ. ತಪ್ಪಿದ್ದು ಎಲ್ಲಿ?
– ಪ್ರಥಮ ಪಿಯುಸಿ ವಿದ್ಯಾರ್ಥಿನಿ, ರೋಣ

ಉತ್ತರ: ಏನೂ ಉಳಿಯದಿದ್ದರೆ ಕ್ರಿಯೆಯೇ ನಡೆದಿಲ್ಲವೆಂದು ಅರ್ಥ. ಅಡುಗೆ ಉಪ್ಪಿನ ದ್ರಾವಣಕ್ಕೆ ಪೊಟ್ಯಾಸಿಯಂ ನೈಟ್ರೇಟ್ ದ್ರಾವಣ ಸೇರಿಸಿದರೆ ಆಗುವುದು ಹೀಗೆಯೇ. ಆದರೆ ನಿಮ್ಮ ಪ್ರನಾಳದ ತಳದಲ್ಲಿ ಹಳದಿ ಪುಡಿ ಕೂತಿರುತ್ತದೆ. ಹೀಗೆ ದ್ರಾವಣದಿಂದ ಬೇರ್ಪಟ್ಟು ತಳಕ್ಕಿಳಿಯುವ ಘನವೇ ಪ್ರಕ್ಷೇಪ. ಆ ಸೀಸದ ಅಯೋಡೈಡ್ ನೀರಿನಲ್ಲಿ ಹೆಚ್ಚುಕಡಿಮೆ ಕರಗದ ಘನವಾದ್ದರಿಂದ, ಅದರ ಅಯಾನುಗಳು ದ್ರಾವಣದಲ್ಲಿ ಬಿಡಿಬಿಡಿಯಾಗಿ ಓಡಾಡುತ್ತಿರುವುದಿಲ್ಲ. ಹಾಗಾಗಿ ಅದನ್ನು ಬಿಡಿಸದೆ ಇಡಿಯಾಗಿಯೇ ಬರೆಯಬೇಕು. ಆಗ ಪೊಟ್ಯಾಸಿಯಂ ಮತ್ತು ನೈಟ್ರೇಟ್ ಅಯಾನುಗಳು ಮಾತ್ರ ಎರಡೂ ಬದಿಯಿಂದ ಹೋಗಿ, ಇಷ್ಟು ಉಳಿಯುತ್ತದೆ:

ಸೀಸದ ಅಯಾನು (2+) + 2 ಅಯೋಡೈಡ್ ಅಯಾನು (1−) → ಸೀಸದ ಅಯೋಡೈಡ್ (ಘನ)

ಎಡಬದಿಯ ಒಟ್ಟು ವಿದ್ಯುದಂಶ ಸೊನ್ನೆ, ಬಲಬದಿಯದೂ ಸೊನ್ನೆ. ಪರಮಾಣುಗಳ ಜೊತೆಗೆ ಇದನ್ನೂ ತಪ್ಪದೆ ತಾಳೆ ನೋಡಿ. ನೈಟ್ರೇಟನ್ನು ನೈಟ್ರೋಜನ್, ಆಕ್ಸಿಜನ್ ಎಂದು ಮತ್ತೆ ಒಡೆಯುವ ತಪ್ಪನ್ನೂ ಅನೇಕರು ಮಾಡುತ್ತಾರೆ. ಅದು ಒಂದೇ ಅಯಾನು.

ಯಾವುದು ಕರಗುತ್ತದೆ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಲೇಬೇಕು. ನೈಟ್ರೇಟುಗಳೆಲ್ಲ ಕರಗುತ್ತವೆ, ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ ಲವಣಗಳೂ ಸಾಮಾನ್ಯವಾಗಿ ಕರಗುತ್ತವೆ. ಬೆಳ್ಳಿಯ ಕ್ಲೋರೈಡ್, ಬೇರಿಯಂ ಸಲ್ಫೇಟ್, ಕ್ಯಾಲ್ಸಿಯಂ ಕಾರ್ಬೊನೇಟ್ ಕರಗುವುದಿಲ್ಲ.

ಇಷ್ಟು ಅಳಿಸಿ ಬರೆಯುವುದರಿಂದ ಪ್ರಯೋಜನವೇನೆಂದು ನೀವು ಕೇಳಬಹುದು. ನಮ್ಮ ಭಾಗದ ಬೋರ್‌ವೆಲ್‌ಗಳ ಗಡಸು ನೀರಿನಲ್ಲಿ ಸಾಬೂನು ನೊರೆ ಕೊಡುವುದಿಲ್ಲ. ಬಟ್ಟೆ ಒಗೆಯುವ ಮುನ್ನ ಆ ನೀರಿಗೆ ಸೋಡಿಯಂ ಕಾರ್ಬೊನೇಟ್, ಅಂದರೆ ವಾಷಿಂಗ್ ಸೋಡಾ ಹಾಕಿದರೆ ಬಿಳಿ ಪ್ರಕ್ಷೇಪ ಬರುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ ಅಯಾನು ಕ್ಲೋರೈಡಿನಿಂದ ಬಂದಿರಲಿ, ಸಲ್ಫೇಟಿನಿಂದ ಬಂದಿರಲಿ, ಅದು ಕಾರ್ಬೊನೇಟ್ ಅಯಾನಿನೊಡನೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ ಎಂಬ ಒಂದೇ ಸಮೀಕರಣ ಎಲ್ಲ ಸಂದರ್ಭಗಳಿಗೂ ಸಾಕು. ಅಯಾನಿಕ ಸಮೀಕರಣದ ಸೊಗಸು ನನಗೆ ಕಾಣುವುದು ಇಲ್ಲಿಯೇ.

ಕೊನೆಗೊಂದು ಅಭ್ಯಾಸ. ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಬೇರಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಸರಿಪ್ರಮಾಣದಲ್ಲಿ ಸೇರಿಸಿದ್ದಕ್ಕೆ ಸಮೀಕರಣ ಬರೆದು ನೋಡಿ. ತಾಮ್ರದ ಹೈಡ್ರಾಕ್ಸೈಡ್, ಬೇರಿಯಂ ಸಲ್ಫೇಟ್ ಎರಡೂ ತಳಕ್ಕಿಳಿಯುವುದರಿಂದ, ಅಲ್ಲಿ ಹೊಡೆದುಹಾಕಲು ಒಂದು ಅಯಾನೂ ಸಿಗುವುದಿಲ್ಲ.