ಟೆಂಡರ್ ಆದ ಮೇಲೆ ಜನಾಭಿಪ್ರಾಯ ಕೇಳಿದರೆ ಯಾರು ಬರುತ್ತಾರೆ?

ನಗರಾಡಳಿತ ಸಾರ್ವಜನಿಕ ಸಭೆಗಳನ್ನು ಕರೆಯುತ್ತಲೇ ಇದ್ದರೂ ಪ್ರತಿ ಸಲ ಬರುವವರು ಅದೇ ಹತ್ತು ಹದಿನೈದು ಮಂದಿ, ಉಳಿದವರನ್ನು ಸ್ಥಳೀಯ ನಿರ್ಧಾರಗಳಲ್ಲಿ ತೊಡಗಿಸುವುದು ಹೇಗೆ ಎಂದು ಕೇಳಿದ್ದೀರಿ. ನಿವಾಸಿಗಳ ಪ್ರತಿನಿಧಿಯಾಗಿ ಹಲವು ವರ್ಷ ಇಂಥ ಸಭೆಗಳಲ್ಲಿ ಕುಳಿತ ನನಗೆ, ಕೊರತೆ ಇರುವುದು ಪ್ರಚಾರದಲ್ಲಿ ಎಂದು ಅನ್ನಿಸಿಲ್ಲ. ಜನರನ್ನು ಕರೆಯುವ ಹೊತ್ತಿಗೆ ನಿರ್ಧರಿಸಲು ಏನೂ ಉಳಿದಿರುವುದಿಲ್ಲ, ಮತ್ತು ಅದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ರಸ್ತೆ ಅಗಲೀಕರಣದ ಒಂದು ಸಭೆ ನನಗೆ ಮರೆಯುವುದಿಲ್ಲ. ಗೋಡೆಗೆ ದೊಡ್ಡ ನಕ್ಷೆ ತೂಗುಹಾಕಿ, ಎಲ್ಲರೂ ಮುಕ್ತವಾಗಿ ಸಲಹೆ ಕೊಡಬೇಕೆಂದು ಎಂಜಿನಿಯರ್ ವಿನಂತಿಸಿದರು. ಪಾದಚಾರಿ ಮಾರ್ಗದ ಬಗ್ಗೆ ಕೇಳಲೆಂದು ಎದ್ದ ಹಿರಿಯರೊಬ್ಬರು ಹತ್ತಿರ ಹೋಗಿ, ಕನ್ನಡಕ ಸರಿಪಡಿಸಿಕೊಂಡು, ನಕ್ಷೆಯ ಕೆಳಮೂಲೆಯಲ್ಲಿ ಅಚ್ಚಾಗಿದ್ದ ಟೆಂಡರ್ ಸಂಖ್ಯೆಯನ್ನೂ ದಿನಾಂಕವನ್ನೂ ಗಟ್ಟಿಯಾಗಿ ಓದಿದರು. ದಿನಾಂಕ ಹಿಂದಿನ ತಿಂಗಳದ್ದು. ಅವರು ಪ್ರಶ್ನೆಯನ್ನೇ ಕೇಳದೆ ಬಂದು ಕುಳಿತರು. ಮುಂದಿನ ಸಭೆಗೆ ಅವರೂ ಬರಲಿಲ್ಲ, ಅವರ ಬೀದಿಯವರೂ ಬರಲಿಲ್ಲ.

ಅಮೆರಿಕದ ನೀತಿ ವಿಶ್ಲೇಷಕಿ ಶೆರ್ರಿ ಆರ್ನ್‌ಸ್ಟೀನ್ 1969ರಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆಯನ್ನು, ಮೇಲೇರಿದಷ್ಟೂ ಜನರ ಅಧಿಕಾರ ಹೆಚ್ಚುವ ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದರು. ಅದರಲ್ಲಿ ಮಾಹಿತಿ ಕೊಡುವುದು ಮೂರನೆಯದು, ಅಭಿಪ್ರಾಯ ಕೇಳುವುದು ನಾಲ್ಕನೆಯದು. ಕೇಳಿದ್ದನ್ನು ಪರಿಗಣಿಸಲೇಬೇಕೆಂಬ ಕಟ್ಟು ಇಲ್ಲದಿದ್ದರೆ ಇವೆರಡೂ ತೋರಿಕೆಯ ಶಾಸ್ತ್ರವಷ್ಟೇ ಎಂಬುದು ಅವರ ವಾದ. ನಮ್ಮ ಬಹುಪಾಲು ಸಭೆಗಳು ಈ ನಾಲ್ಕನೇ ಮೆಟ್ಟಿಲನ್ನು ದಾಟುವುದಿಲ್ಲ.

ದಾಟಿದ ಊರುಗಳೂ ಇವೆ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಆಯವ್ಯಯದ ಬಂಡವಾಳ ವೆಚ್ಚವನ್ನು, ಅಂದರೆ ರಸ್ತೆ, ಚರಂಡಿಯಂಥ ಹೊಸ ಕಾಮಗಾರಿಗಳ ಹಣವನ್ನು, ನಿವಾಸಿಗಳ ಮುಂದಿಟ್ಟು, ಯಾವ ಕಾಮಗಾರಿ ಮೊದಲು ಎಂಬುದನ್ನು ಬಡಾವಣೆಯ ಸಭೆಗಳಲ್ಲೇ ಗೊತ್ತುಮಾಡುವ ಪದ್ಧತಿಯನ್ನು ಆರಂಭಿಸಿತು. ಪ್ರದೇಶಗಳಿಗೆ ಹಣ ಹಂಚುವಾಗ ಜನಸಂಖ್ಯೆಯ ಜೊತೆಗೆ, ಅಲ್ಲಿ ಯಾವ ಸೌಕರ್ಯ ಎಷ್ಟು ಕಡಿಮೆ ಇದೆ ಎಂಬುದಕ್ಕೂ ಅಂಕವಿತ್ತು; ಹೀಗಾಗಿ ದನಿ ದೊಡ್ಡದಿದ್ದವರ ಬೀದಿಗೇ ಎಲ್ಲವೂ ಹೋಗಲು ಅವಕಾಶ ಕಡಿಮೆಯಾಯಿತು. ನನಗೆ ಇದಕ್ಕಿಂತಲೂ ಮುಖ್ಯವೆನಿಸುವುದು ವರ್ಷದ ಮೊದಲ ಸುತ್ತಿನ ಸಭೆಗಳಲ್ಲಿ ಆಡಳಿತ ಹಿಂದಿನ ವರ್ಷದ ಕಾಮಗಾರಿಗಳ ಲೆಕ್ಕ ಒಪ್ಪಿಸಬೇಕಾಗಿದ್ದದ್ದು. ಚರಂಡಿ ಕೇಳಿದ ಬೀದಿಗೆ ಚರಂಡಿ ಬಂದಿತೇ, ಬರದಿದ್ದರೆ ಏಕೆ ಎಂಬುದಕ್ಕೆ ಉತ್ತರ ಸಿಗುವ ಸಭೆಗೆ ಜನರು ಕೆಲಸ ಬಿಟ್ಟಾದರೂ ಬರುತ್ತಾರೆ. ಆದರೆ ಅಷ್ಟು ಹೆಸರುವಾಸಿಯಾದ ಈ ವ್ಯವಸ್ಥೆಯನ್ನೂ 2017ರಲ್ಲಿ ಸ್ಥಗಿತಗೊಳಿಸಲಾಯಿತು. ಆಡಳಿತಗಾರರ ಇಚ್ಛೆಯ ಮೇಲೆ ನಿಂತದ್ದು ಇಚ್ಛೆ ಬದಲಾದೊಡನೆ ಬೀಳುತ್ತದೆಯಾದ್ದರಿಂದ, ಯಾವ ಸುಧಾರಣೆಯನ್ನೇ ಆದರೂ ನಿಯಮದ ರೂಪದಲ್ಲಿ ಬರೆಸಿಕೊಳ್ಳುವುದು ಲೇಸು.

ಬೆಲ್ಜಿಯಂನಲ್ಲಿ ತನ್ನದೇ ಸಂಸತ್ತು ಇರುವ ಜರ್ಮನ್ ಭಾಷಿಕ ಸಮುದಾಯ 2019ರಲ್ಲಿ ಮಾಡಿದ್ದು ಅದನ್ನೇ. ಚೀಟಿ ಎತ್ತಿ ಆರಿಸಿದ ನಾಗರಿಕರ ಶಾಶ್ವತ ಮಂಡಳಿಯನ್ನು ಅದು ಶಾಸನದ ಮೂಲಕ ಸ್ಥಾಪಿಸಿತು. ಅದರ 24 ಸದಸ್ಯರು ಚರ್ಚೆಯ ವಿಷಯ ಗೊತ್ತುಮಾಡುತ್ತಾರೆ, ಆ ವಿಷಯದ ಮೇಲೆ ಹೀಗೆಯೇ ಆಯ್ಕೆಯಾದ ಬೇರೆ ನಾಗರಿಕರು ಶಿಫಾರಸು ಮಾಡುತ್ತಾರೆ, ಶಿಫಾರಸನ್ನು ತಿರಸ್ಕರಿಸಿದರೆ ಆ ಸಂಸತ್ತು ಕಾರಣ ಕೊಡಬೇಕು. ಬಿಡುವಿರುವವರು, ಮಾತುಬಲ್ಲವರು ಮಾತ್ರ ತುಂಬಿಕೊಳ್ಳುವ ತೊಂದರೆಗೆ ಚೀಟಿ ಎತ್ತುವುದಕ್ಕಿಂತ ಸರಳವಾದ ಉಪಾಯವನ್ನು ನಾನು ಕಂಡಿಲ್ಲ. ಆದರೆ ಹೀಗೆ ಆಯ್ಕೆಯಾದವರಿಗೆ ದಿನಭತ್ಯೆ ಕೊಡಬೇಕು, ಸಭೆಯನ್ನು ಸಂಜೆಯೋ ರಜಾದಿನವೋ ಇಡಬೇಕು, ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡು ಇರಬೇಕು. ಮೊಬೈಲ್ ಆ್ಯಪ್‌ಗಳ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿಲ್ಲ. ಗುಂಡಿ ಬಿದ್ದ ರಸ್ತೆಯ ಚಿತ್ರ ಕಳಿಸಲು ಅವು ಒಳ್ಳೆಯವು, ಆದರೆ ರಸ್ತೆ ಬೇಕೋ ಉದ್ಯಾನ ಬೇಕೋ ಎಂದು ನೆರೆಹೊರೆಯವರು ಎದುರುಬದುರು ಕುಳಿತು ಮಾತಾಡುವ ಕೆಲಸವನ್ನು ಅವು ಮಾಡಲಾರವು.

ನಿಮ್ಮಲ್ಲಿ ಇಷ್ಟೆಲ್ಲ ಒಮ್ಮೆಗೇ ಆಗದು. ಮುಂದಿನ ಸಭೆಯ ಆಹ್ವಾನ ಬಂದಾಗ, ಆ ಕಾಮಗಾರಿಯ ಅಂದಾಜು ಪಟ್ಟಿ ಮಂಜೂರಾಗಿದೆಯೇ ಎಂದು ಮೊದಲೇ ಲಿಖಿತವಾಗಿ ಕೇಳಿ. ಆಗಿದ್ದರೆ, ಮುಂದಿನ ವರ್ಷದ ಕಾಮಗಾರಿಗಳ ಪಟ್ಟಿ ಯಾವ ತಿಂಗಳಲ್ಲಿ ತಯಾರಾಗುತ್ತದೆ, ಅದಕ್ಕೆ ಮುನ್ನ ನಿವಾಸಿಗಳ ಸಭೆ ಯಾವ ದಿನ ನಡೆಯುತ್ತದೆ ಎಂಬುದನ್ನು ಅದೇ ಸಭೆಯ ನಡಾವಳಿಯಲ್ಲಿ ದಾಖಲಿಸಲು ಒತ್ತಾಯಿಸಿ, ನಡಾವಳಿಯ ಪ್ರತಿಯನ್ನು ಸಹಿ ಮಾಡಿಸಿಕೊಂಡೇ ಹೊರಡಿ.